ಬೆನ್ನಿಗೊಂದು ಚೊಂಬು ಬಿಸಿನೀರು

ಮೈ ಕೊಳೆಯಾಗಿದೆ, ತೊಳೆಯೋಣ ಎಂದು ಸ್ನಾನ ಮಾಡುವವರು ನಮ್ಮಲ್ಲಿ ಕಡಿಮೆ. ದೇವರಿಗೆ ದೀಪ ಹಚ್ಚಬೇಕು, ಅದಕ್ಕೆ ಸ್ನಾನ. ಕ್ಷೌರದ ಅಂಗಡಿಯಿಂದ ಬಂದರೆ ಹೊಸಿಲು ದಾಟುವ ಮೊದಲೇ "ಏನೂ ಮುಟ್ಟಬೇಡ, ಸೀದಾ ಬಚ್ಚಲಿಗೆ ಹೋಗು". ಸಾವಿನ ಮನೆಗೆ ಹೋಗಿ ಬಂದರೆ ಸ್ನಾನ. ಗ್ರಹಣ ಹಿಡಿದಾಗ ಒಂದು, ಬಿಟ್ಟಾಗ ಇನ್ನೊಂದು. ರಾತ್ರಿ ಬಸ್ಸಲ್ಲಿ ಬಂದ ನೆಂಟರಿಗೆ ಕಾಫಿಗಿಂತ ಮುಂಚೆ "ನೀರು ಕಾದಿದೆ" ಎಂಬ ಸುದ್ದಿ. ಭಾನುವಾರ ಹೊತ್ತಾಗಿ ಎದ್ದವರಿಗೆ ಬೈಗುಳ ತಪ್ಪಿಸಿಕೊಳ್ಳಲು ಸ್ನಾನ. ಧಾರವಾಡದ ಗೆಳೆಯನ ಮನೆಯಲ್ಲಿ ಅವನ ತಾಯಿ "ಮೊದ್ಲ ಜಳಕ ಆಗ್ಲಿ, ಆಮ್ಯಾಲೆ ನಾಷ್ಟಾ" ಎಂದರೆ ಮುಗಿಯಿತು. ಅದಕ್ಕೆ ಅಪೀಲಿಲ್ಲ.

ಇಷ್ಟೆಲ್ಲ ಕಾರಣಗಳಲ್ಲಿ ಚರ್ಮದ ಹೆಸರು ಎಲ್ಲೂ ಬರಲಿಲ್ಲ ನೋಡಿ. ನೀರು ಬೀಳುವುದು ಅದರ ಮೇಲೆ. ಸೋಪು ತಿಕ್ಕುವುದು ಅದಕ್ಕೆ. ಕಲ್ಲು, ನಾರು, ಬ್ರಷ್ಷು ಎಲ್ಲವನ್ನೂ ತಡೆದುಕೊಳ್ಳುವುದು ಅದೇ. ಆದರೂ ಎಷ್ಟು ಬಿಸಿ ಬೇಕು, ಎಷ್ಟು ಹೊತ್ತು ಸಾಕು ಎಂದು ಅದನ್ನು ಯಾರೂ ಕೇಳುವುದಿಲ್ಲ. ತುರಿಕೆ ಶುರುವಾಗಿ ಚರ್ಮದ ಡಾಕ್ಟರ ಮುಂದೆ ಕೂತ ಮೇಲೇ ಈ ವಿಚಾರಣೆ ನಡೆಯುವುದು.

ನನ್ನ ಚಿಕ್ಕಮ್ಮನ ಮನೆ ತೀರ್ಥಹಳ್ಳಿ ಕಡೆ. ಅಲ್ಲಿಯ ಬಚ್ಚಲುಮನೆ ಬೆಂಗಳೂರಿನ ಫ್ಲ್ಯಾಟಿನ ಮಲಗುವ ಕೋಣೆಗಿಂತ ದೊಡ್ಡದು. ಮೂಲೆಯಲ್ಲಿ ಒಲೆ, ಅದರ ಮೇಲೆ ಗಾರೆ ಹಾಕಿ ಕೂರಿಸಿದ ತಾಮ್ರದ ಹಂಡೆ. ಒಲೆಗೆ ಅಡಿಕೆ ಸಿಪ್ಪೆ, ಒಣಗಿದ ಸೋಗೆ, ಕೈಗೆ ಸಿಕ್ಕಿದ ಕಟ್ಟಿಗೆ. ಮಳೆಗಾಲದಲ್ಲಿ ಆ ಒಲೆ ಆರುವುದೇ ಇಲ್ಲ. ಬಟ್ಟೆ ಒಣಗುವುದೂ ಅಲ್ಲೇ, ಬೆಕ್ಕು ಮಲಗುವುದೂ ಅಲ್ಲೇ. ಹೊರಗೆ ಧೋ ಎಂದು ಮಳೆ, ಒಳಗೆ ಹೊಗೆ ಮತ್ತು ಕತ್ತಲು, ಮೈಮೇಲೆ ಚೊಂಬು ಚೊಂಬಾಗಿ ಬಿಸಿನೀರು. ಈ ಸುಖ ಗೊತ್ತಿರುವವರಿಗೆ ಉಗುರುಬೆಚ್ಚಗಿನ ನೀರಿನ ಉಪದೇಶ ಮಾಡುವುದು ಕಷ್ಟ.

ಚಿಕ್ಕಮ್ಮನಿಗೆ ನೀರು ಹೊಗೆಯಾಡಬೇಕು. ಮೈ ಕೆಂಪಾಗದಿದ್ದರೆ ಅದು ಸ್ನಾನವೇ ಅಲ್ಲ. ನಾನು ಹೋದಾಗ ಬಿಂದಿಗೆ ತಣ್ಣೀರು ಬೆರೆಸಿಕೊಂಡರೆ, "ಇದೆಂಥ ಸ್ನಾನ ಮಾರಾಯ, ಎಮ್ಮೆ ಮೈ ತೊಳೆಯೋ ನೀರು!" ಎಂದು ಹೊರಗಿನಿಂದಲೇ ಕೂಗುತ್ತಾರೆ. ಅವರಿಗೆ ಹೇಗೆ ಗೊತ್ತಾಗುತ್ತದೋ, ಬಹುಶಃ ಶಬ್ದದಲ್ಲೇ.

ಈಗ ಚರ್ಮದ ಕಡೆಯ ವಾದ ಕೇಳೋಣ. ಚರ್ಮದ ತೀರಾ ಮೇಲಿನ ಪದರ ಒಂದು ಕಾಗದದ ಹಾಳೆಗಿಂತ ತೆಳ್ಳಗಿದೆ. ಅಂಗೈ, ಅಂಗಾಲು ಬಿಟ್ಟರೆ ಉಳಿದ ಕಡೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ನೂರನೇ ಒಂದರಿಂದ ಎರಡು ಭಾಗ. ಓದಿದವರು ಇದನ್ನು ಇಟ್ಟಿಗೆ ಗೋಡೆ ಎನ್ನುತ್ತಾರೆ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿದ ಕೊಬ್ಬಿನಂಶ ಗಾರೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ಕ್ರಿಮಿ ಒಳಗೆ ಬರದಂತೆ ತಡೆಯುವುದು ಇದೇ ಗೋಡೆ. ತುಂಬಾ ಬಿಸಿಯಾದ ನೀರು ಗಾರೆಯನ್ನು ಸಡಿಲ ಮಾಡುತ್ತದೆ, ಸೋಪು ಅದನ್ನು ಎತ್ತಿಕೊಂಡು ಹೋಗುತ್ತದೆ. ಸ್ನಾನ ಮುಗಿದ ಮೇಲೆ ಮೈಯಲ್ಲಿದ್ದ ನೀರೂ ಬೇಗ ಆರಿಹೋಗುತ್ತದೆ. ಅಷ್ಟು ಹೊತ್ತು ನೀರಲ್ಲೇ ಇದ್ದು ಬಂದ ಚರ್ಮ ಒಣಗುವುದು ಹೀಗೆ.

ವಯಸ್ಸಾದಂತೆ ಚರ್ಮದ ಎಣ್ಣೆ ಗ್ರಂಥಿಗಳು ಕೆಲಸ ಕಡಿಮೆ ಮಾಡುತ್ತವೆ. ಸ್ನಾನದ ಅಭ್ಯಾಸ ಮಾತ್ರ ಇಪ್ಪತ್ತರ ವಯಸ್ಸಿನದೇ ಇರುತ್ತದೆ. ಹಾಗಾಗಿ ಮಾಗಿ ಚಳಿ ಬಿದ್ದರೆ ಚಿಕ್ಕಮ್ಮನಿಗೆ ಮೊಣಕಾಲ ಕೆಳಗೆ ತುರಿಕೆ. ತುರಿಕೆಗೆ ಮದ್ದು ಇನ್ನೂ ಬಿಸಿಯಾದ ನೀರು. ಅದೇನೂ ಭ್ರಮೆ ಅಲ್ಲ, ಬಿಸಿನೀರು ಬಿದ್ದ ಕ್ಷಣಕ್ಕೆ ತುರಿಕೆ ನಿಜಕ್ಕೂ ಅಡಗುತ್ತದೆ. ಗಂಟೆ ಕಳೆದ ಮೇಲೆ ಬಡ್ಡಿ ಸಮೇತ ವಾಪಸ್ ಬರುತ್ತದೆ. ಆಗ ಮತ್ತೆ ಬಿಸಿನೀರು ನೆನಪಾಗುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ.

ಉತ್ತರ ಕರ್ನಾಟಕದ ಒಣ ಚಳಿಯಲ್ಲಿ ಈ ಪಾಠ ಮಕ್ಕಳಿಗೂ ಸಿಗುತ್ತದೆ. ಡಿಸೆಂಬರ್ ಹೊತ್ತಿಗೆ ಕಾಲು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಶಾಲೆಯಲ್ಲಿ ಬೇಜಾರಾದಾಗ ಉಗುರಿನಿಂದ ಕಾಲ ಮೇಲೆ ಹೆಸರು ಬರೆದರೆ ಬೆಳ್ಳಗೆ ಮೂಡುತ್ತದೆ. ಪಕ್ಕದವನ ಕಾಲಿನ ಮೇಲೆ ಚುಕ್ಕಿ ಆಟ ಆಡಿದವರೂ ಇದ್ದಾರೆ. ಸಂಜೆ ಅಮ್ಮ ಎಣ್ಣೆ ಸವರಿದರೆ ಇಡೀ ದಿನದ ಸಾಹಿತ್ಯ ಅಳಿಸಿಹೋಗುತ್ತಿತ್ತು.

ಇನ್ನು ಸೋಪು. ನಮ್ಮವರ ಸೋಪಿನ ಪ್ರೀತಿಗೆ ಒಂದು ಇತಿಹಾಸವೇ ಇದೆ. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತುಹೋಯಿತು. ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್ ರಾಜರು, ವಿಶ್ವೇಶ್ವರಯ್ಯ ದಿವಾನರು. ಗಂಧದ ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು 1916ರಲ್ಲಿ ಕಾರ್ಖಾನೆ ಆಯಿತು. ಎಸ್. ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿಗೆ ಹೋಗಿ ಕಲಿತು ಬಂದರು. 1918ಕ್ಕೆ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. ಜನ ಅವರನ್ನು ಸೋಪು ಶಾಸ್ತ್ರಿ ಎಂದೇ ಕರೆದರು. ಮೊಟ್ಟೆಯಾಕಾರದ ಬಿಲ್ಲೆ, ಆನೆ ತಲೆಯ ಸಿಂಹದ ಮೈಯ ಶರಭದ ಗುರುತು. ಇವತ್ತಿಗೂ ಕೆಲವು ಮನೆಗಳಲ್ಲಿ ಬೀರುವಿನ ಸೀರೆಗಳ ನಡುವೆ ಒಂದು ಬಿಲ್ಲೆ ಇರುತ್ತದೆ. ಅದನ್ನು ಯಾರೂ ಸ್ನಾನಕ್ಕೆ ಬಳಸುವುದಿಲ್ಲ, ಅದು ಸೀರೆಗಳ ಪಾಲು.

ಸೋಪಿನ ಹೊದಿಕೆ ಓದುವುದು ನನಗೊಂದು ಚಟ. ಮುಂದೆ ಗುಲಾಬಿ, ಹಾಲು, ಬಾದಾಮಿ, ನಗುವ ಹುಡುಗಿ. ಹಿಂದೆ ಸಣ್ಣ ಅಕ್ಷರದಲ್ಲಿ ಟಿಎಫ್‌ಎಂ ಎಂದು ಒಂದು ಅಂಕಿ. ಸೋಪಿನಲ್ಲಿ ಕೊಬ್ಬಿನಂಶ ಶೇಕಡ ಎಷ್ಟು ಎಂಬ ಲೆಕ್ಕ ಅದು. ಶೇ. 76ಕ್ಕೆ ಕಡಿಮೆಯಿಲ್ಲದಿದ್ದರೆ ಗ್ರೇಡ್ 1, ಶೇ. 70 ಇದ್ದರೆ ಗ್ರೇಡ್ 2, ಶೇ. 60 ಇದ್ದರೆ ಗ್ರೇಡ್ 3. ಟಾಯ್ಲೆಟ್ ಸೋಪ್ ಎನ್ನುವ ಬದಲು ಬೇದಿಂಗ್ ಬಾರ್ ಎಂದು ಬರೆದಿದ್ದರೆ ಶೇ. 40 ಇದ್ದರೂ ನಡೆಯುತ್ತದೆ. ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಓದುತ್ತಿದ್ದರೆ ಅಂಗಡಿಯವರು "ಸಾರ್, ಒಂದು ಸೋಪು ಸಾಕಾ?" ಎಂದು ಕೆಮ್ಮುತ್ತಾರೆ.

ಆದರೆ ಗ್ರೇಡ್ 1 ಎಂದ ಮಾತ್ರಕ್ಕೆ ಚರ್ಮಕ್ಕೆ ಹಿತ ಎಂದೇನೂ ಅಲ್ಲ. ಎಷ್ಟೇ ಒಳ್ಳೆಯ ಸೋಪಾದರೂ ಅದು ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9–10 ಇರುತ್ತದೆ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, 5ರ ಆಸುಪಾಸು. ಆ ಹುಳಿಯಲ್ಲೇ ಒಳ್ಳೆಯ ಸೂಕ್ಷ್ಮಜೀವಿಗಳು ಬದುಕುತ್ತವೆ, ಕೆಟ್ಟವಕ್ಕೆ ಒಗ್ಗುವುದಿಲ್ಲ. ಸೋಪು ಹಚ್ಚಿದಾಗ ಹದ ತಪ್ಪುತ್ತದೆ, ಆಮೇಲೆ ಚರ್ಮ ತಾನೇ ಸರಿಮಾಡಿಕೊಳ್ಳುತ್ತದೆ. ಗಟ್ಟಿಮೈಯವರಿಗೆ ಇದು ಲೆಕ್ಕಕ್ಕಿಲ್ಲ. ಇಸುಬು ಇರುವವರಿಗೆ, ಒಣ ಚರ್ಮದವರಿಗೆ, ದಿನಕ್ಕೆರಡು ಸಲ ನೊರೆ ಮಾಡಿಕೊಳ್ಳುವವರಿಗೆ ಲೆಕ್ಕ ಬರುತ್ತದೆ. ಡಾಕ್ಟರು ಬರೆದುಕೊಡುವ ದುಬಾರಿ ಬಿಲ್ಲೆಗಳು ನಿಜವಾಗಿ ಸೋಪೇ ಅಲ್ಲ. ಕ್ಷಾರ ಇಲ್ಲದ, ಚರ್ಮದ ಹದಕ್ಕೆ ಹತ್ತಿರವಾದ ಬೇರೆಯೇ ಸರಕು. ಅದರಲ್ಲಿ ನೊರೆ ಬರುವುದು ಕಡಿಮೆ. "ಇಷ್ಟು ದುಡ್ಡು ಕೊಟ್ಟು ನೊರೆನೂ ಇಲ್ವಲ್ಲ" ಎಂದು ಮನೆಯಲ್ಲಿ ಗೊಣಗಾಟ ಗ್ಯಾರಂಟಿ.

ಕ್ರಿಮಿ ಕೊಲ್ಲುವ ಸೋಪುಗಳ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಜಾಹೀರಾತಿನಲ್ಲಿ ಭೂತಗನ್ನಡಿ ಹಿಡಿದರೆ ಮಗುವಿನ ಕೈಮೇಲೆ ಹಸಿರು ರಾಕ್ಷಸರು ಕುಣಿಯುತ್ತಾರಲ್ಲ, ಅದು. 2016ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಇಂಥ ಸೋಪುಗಳಲ್ಲಿ ಹಾಕಬಾರದು ಎಂದಿತು. ಸಾದಾ ಸೋಪು ನೀರಿಗಿಂತ ಇವು ಹೆಚ್ಚೇನು ಮಾಡುತ್ತವೆ ಎಂದು ತಯಾರಕರು ತೋರಿಸಿಕೊಡಲಿಲ್ಲ ಎಂಬುದು ಕಾರಣ. ಇಲ್ಲಿ ನಮ್ಮ ಮಕ್ಕಳು ಇನ್ನೂ ರಾಕ್ಷಸರನ್ನು ಎಣಿಸುತ್ತಿದ್ದಾರೆ.

ಅಸಲಿಗೆ ಮೈಗೆಲ್ಲ ಸೋಪು ಬೇಕೇ ಇಲ್ಲ. ಕೈ, ಕಾಲು, ಹೊಟ್ಟೆ, ಬೆನ್ನಿನ ಬೆವರು ಬಹುಪಾಲು ಉಪ್ಪುನೀರು, ಬರಿ ನೀರಿಗೇ ಹೋಗುತ್ತದೆ. ವಾಸನೆ ಹುಟ್ಟುವುದು ಕಂಕುಳು, ತೊಡೆಸಂದು ಮತ್ತು ಪಾದಗಳಲ್ಲಿ. ಅಲ್ಲಿ ಮಾತ್ರ ಸೋಪು ಸಾಕು. ಹೊಲದಿಂದ, ಗ್ಯಾರೇಜಿನಿಂದ, ಆಟದ ಮೈದಾನದಿಂದ ಬಂದವರ ಮಾತು ಬೇರೆ. ಎ.ಸಿ. ಆಫೀಸಿನಲ್ಲಿ ಕೂತೆದ್ದು ಬಂದವರು ಅಷ್ಟು ಉಜ್ಜಿಕೊಂಡು ತೆಗೆಯುವುದಾದರೂ ಏನನ್ನು? "ನೋಡು, ಹೇಗೆ ಕೊಳೆ ಉರುಳಿ ಉರುಳಿ ಬರುತ್ತೆ" ಎಂದು ಕಲ್ಲಿನಲ್ಲಿ ತಿಕ್ಕುವವರು ತೋರಿಸುತ್ತಾರಲ್ಲ, ಅದರಲ್ಲಿ ಮುಕ್ಕಾಲು ಅವರದೇ ಚರ್ಮ. ಸುಮ್ನೆ ಬಿಟ್ಟರೂ ತಾನಾಗಿ ಉದುರುವ ಸರಕು ಅದು. ಇನ್ನೂ ತಿಕ್ಕಿದರೆ ಇನ್ನೂ ಬರುತ್ತದೆ. ರಕ್ತ ಬರುವವರೆಗೂ ಬರುತ್ತದೆ.

ಹಾಗಾದರೆ ಹಿಂದಿನವರದೇ ಸರಿ, ಎಣ್ಣೆ ಸ್ನಾನವೇ ಸರಿ ಎನ್ನುವವರು ಈಗ ಮೀಸೆ ತಿರುವಬಹುದು. ಅರ್ಧ ತಿರುವಲಿ. ದೀಪಾವಳಿಗೆ ಮುನ್ನ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹಿಂಡ್ಲೆಬಳ್ಳಿ ಸುತ್ತಿ, ನೀರು ತುಂಬಿಡುತ್ತಾರೆ. ವರ್ಷವಿಡೀ ಮಸಿ ಹಿಡಿದು ಮೂಲೆಯಲ್ಲಿ ಕೂತ ಹಂಡೆಗೆ ಒಂದು ದಿನ ಮದುಮಗಳ ಮರ್ಯಾದೆ. ಮರುದಿನ ನಸುಕಿನಲ್ಲೇ ಎಬ್ಬಿಸಿ ತಲೆಗೆ ಎಣ್ಣೆ ತಟ್ಟಿ, ಮೈಗೆಲ್ಲ ಹಚ್ಚಿ ಕೂರಿಸುತ್ತಾರೆ. ಆಮೇಲೆ ಸೀಗೆಪುಡಿ, ಚಿಗರೆಪುಡಿ, ಮೈಗೆ ಕಡಲೆಹಿಟ್ಟು. ಯುಗಾದಿಗೂ ಇದೇ ಕ್ರಮ.

ಇದರಲ್ಲಿ ಚರ್ಮಕ್ಕೆ ಒಳ್ಳೆಯದು ನಿಜಕ್ಕೂ ಇತ್ತು. ಎಣ್ಣೆಯ ಪದರ ಇದ್ದರೆ ಬಿಸಿನೀರಿನ ಹೊಡೆತ ಕಡಿಮೆ. ಹಿಟ್ಟು ಜಿಡ್ಡನ್ನು ಹೀರಿಕೊಳ್ಳುತ್ತದೆಯೇ ಹೊರತು ಸೋಪಿನಷ್ಟು ಬಳಿದು ತೆಗೆಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಇಂಥ ಮಹಾಸ್ನಾನ ದಿನಾ ಇರಲಿಲ್ಲ. ವಾರಕ್ಕೊಂದೋ ಹಬ್ಬಕ್ಕೊಂದೋ ಅಷ್ಟೇ. ಉಳಿದ ದಿನ ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ಸುರಿದುಕೊಂಡರೆ ಆಯಿತು. ಸೌದೆ ಕಡಿದು ತರಬೇಕಿದ್ದ ಕಾಲದಲ್ಲಿ ದಿನಾ ಮೈ ಬೇಯಿಸಿಕೊಳ್ಳುವ ಐಷಾರಾಮ ಎಲ್ಲರಿಗೂ ಎಲ್ಲಿತ್ತು? ಗೀಸರ್ ಬಂದ ಮೇಲೆ, ಮಾಳಿಗೆ ಮೇಲೆ ಸೋಲಾರ್ ಕೂತ ಮೇಲೆ ಹಬ್ಬದ ನೀರು ದಿನದ ನೀರಾಯಿತು. ಎಣ್ಣೆ ಮಾತ್ರ ಹಬ್ಬಕ್ಕೇ ಉಳಿಯಿತು. ನನ್ನ ದೂರು ಇದೊಂದೇ.

ಮೀಸೆಯ ಇನ್ನರ್ಧ ಇಳಿಸಬೇಕಾದ ಕಾರಣಗಳೂ ಇವೆ. ಸೀಗೆಪುಡಿ ಕಣ್ಣಿಗೆ ಬಿದ್ದವರು ಹಳೆಯದನ್ನು ಅಷ್ಟು ಸುಲಭಕ್ಕೆ ಹೊಗಳುವುದಿಲ್ಲ. ತಲೆಹೊಟ್ಟು ಇದ್ದವರಿಗೆ ಎಣ್ಣೆ ತಟ್ಟಿ ಇಡೀ ದಿನ ಬಿಟ್ಟರೆ ಹೊಟ್ಟು ಜಾಸ್ತಿಯಾಗುತ್ತದೆ, ಏಕೆಂದರೆ ಅದಕ್ಕೆ ಕಾರಣವಾದ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಮೊಡವೆ ಮುಖಕ್ಕೆ ಕೊಬ್ಬರಿ ಎಣ್ಣೆ ಒಳ್ಳೆಯ ಗೆಳೆಯನಲ್ಲ. ಹುಟ್ಟಿದ ಕೂಸನ್ನು ಆಗಲೇ ಮೀಯಿಸಿ ಬೆಳ್ಳಗೆ ಮಾಡುವ ಅವಸರವೂ ಬೇಡ. ಮೊದಲ ಸ್ನಾನಕ್ಕೆ 24 ಗಂಟೆ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಮೇಲಿನ ಬಿಳಿ ಅಂಟು ಕೂಸಿನ ಚರ್ಮಕ್ಕೆ ರಕ್ಷಣೆ, ಬೇಗ ತೊಳೆದರೆ ಮೈ ತಣ್ಣಗಾಗುವ ಅಪಾಯವೂ ಇದೆ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವ ಅಜ್ಜಿಯರ ಕೈಚಳಕ ನೋಡುವಂಥದ್ದೇ. ಕಡೆಗೆ ಹಾಕುವ ಸಾಂಬ್ರಾಣಿ ಹೊಗೆಯಲ್ಲಿ ಕೂಸು ಕೆಮ್ಮುವುದನ್ನು ಮಾತ್ರ ನೋಡಲಾಗುವುದಿಲ್ಲ.

ನೀರಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬೀದಿ, ಬೋರ್‌ವೆಲ್ ನೀರಿನ ಬೀದಿ ಎಂದು ಎರಡು ಜಾತಿ. ಬಕೆಟ್ಟಿನ ಅಂಚಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಕಟ್ಟಿದ್ದರೆ ಅದು ಎರಡನೆಯ ಬೀದಿ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಅಂಟಿಕೊಂಡು ನೊರೆಯನ್ನು ಹುಟ್ಟಲು ಬಿಡುವುದಿಲ್ಲ. ನೊರೆ ಬರಲಿಲ್ಲ ಎಂದು ನಾವು ಇನ್ನಷ್ಟು ತಿಕ್ಕುತ್ತೇವೆ. ಕರಗದ ಸೋಪಿನ ಗಷ್ಟು ಮೈಮೇಲೆ ಉಳಿದು ತುರಿಸುತ್ತದೆ. ಬಾಡಿಗೆ ಮನೆ ಬದಲಿಸಿದ ಮೇಲೆ ಕೂದಲು ಒರಟಾಯಿತು, ಮೈ ತುರಿಸುತ್ತದೆ ಎನ್ನುವವರು ದೃಷ್ಟಿ ತೆಗೆಸುವ ಮೊದಲು ನಲ್ಲಿ ನೋಡುವುದು ಒಳ್ಳೆಯದು.

ಕರಾವಳಿಯವರು ಇಷ್ಟು ಹೊತ್ತು ನಗುತ್ತಿದ್ದಿರಬೇಕು. ಮಂಗಳೂರಿನ ಏಪ್ರಿಲ್‌ನಲ್ಲಿ ಸ್ನಾನ ಮಾಡಿ ಬಾಗಿಲು ತೆಗೆಯುವಷ್ಟರಲ್ಲಿ ಮತ್ತೆ ಬೆವರು. ಅಲ್ಲಿ ದಿನಕ್ಕೆರಡು ಸ್ನಾನ ತಪ್ಪಲ್ಲ. ಅಲ್ಲಿಯ ತೊಂದರೆ ಸ್ನಾನದ ನಂತರ ಶುರುವಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬೈರಾಸ, ಅಂದರೆ ಮೈ ಒರೆಸುವ ಬಟ್ಟೆ, ಒಣಗುವುದಿಲ್ಲ, ಒಳಬಟ್ಟೆ ಒಣಗುವುದಿಲ್ಲ. ಅರೆ ಒದ್ದೆ ಬಟ್ಟೆಯನ್ನೇ ಅರೆ ಒದ್ದೆ ಮೈಗೆ ಹಾಕಿಕೊಂಡು, ಮೇಲೆ ಬಿಗಿ ಜೀನ್ಸ್ ಏರಿಸಿದರೆ ತೊಡೆಸಂದಿನಲ್ಲಿ ಹುಳುಕಡ್ಡಿಯ ಶಿಲೀಂಧ್ರ ಬಾಡಿಗೆಯಿಲ್ಲದೆ ಸಂಸಾರ ಹೂಡುತ್ತದೆ. ಆ ಬೈರಾಸ ಮನೆಮಂದಿಗೆಲ್ಲ ಒಂದೇ ಆಗಿದ್ದರೆ ಹುಳುಕಡ್ಡಿಯೂ ಎಲ್ಲರಿಗೂ ಒಂದೇ.

ಆಮೇಲಿನ ಕಥೆ ಇನ್ನೂ ಬೇಜಾರಿನದು. ತೋರಿಸಿಕೊಳ್ಳಲು ನಾಚಿಕೆ. ಮೆಡಿಕಲ್ ಶಾಪಿನಲ್ಲಿ ಪಿಸುಮಾತಿನಲ್ಲಿ ಕೇಳಿದರೆ ಒಂದು ಟ್ಯೂಬ್ ಕೊಡುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಉರಿ, ಕೆಂಪು ಅಡಗಿಸುತ್ತದೆ, ಶಿಲೀಂಧ್ರವನ್ನು ಒಳಗೊಳಗೇ ಕೊಬ್ಬಿಸುತ್ತದೆ. ನಿಲ್ಲಿಸಿದರೆ ದುಪ್ಪಟ್ಟು, ಹಚ್ಚುತ್ತಲೇ ಇದ್ದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಪಿಸುಮಾತು ನಿಂತಿಲ್ಲ. ಬೆರಳ ಸಂದು, ತೊಡೆಸಂದು ಒಣಗುವಂತೆ ಒರೆಸಿಕೊಳ್ಳುವುದು, ಒಳಬಟ್ಟೆಗೆ ಇಸ್ತ್ರಿ ಹಾಕಿ ತೇವ ತೆಗೆಯುವುದು, ಬೈರಾಸ ಬೇರೆ ಬೇರೆ ಇಡುವುದು ಇವಕ್ಕೆಲ್ಲ ದುಡ್ಡೂ ಬೇಡ, ಚೀಟಿಯೂ ಬೇಡ. ಟಿ.ವಿ.ಯಲ್ಲಿ ಜಾಹೀರಾತು ಬರುವುದಿಲ್ಲವಾದ್ದರಿಂದ ಯಾರೂ ನಂಬುವುದಿಲ್ಲ, ಅಷ್ಟೇ.

ಚಿಕ್ಕಮ್ಮನ ತುರಿಕೆ ಹೋದ ಚಳಿಗಾಲದಲ್ಲಿ ಮಿತಿ ಮೀರಿತು. ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿದರು, ಉಗುರಿನಿಂದ ಮೆಲ್ಲಗೆ ಗೀರಿ ನೋಡಿದರು. "ನೀರು ಎಷ್ಟು ಬಿಸಿ ಅಮ್ಮಾ?" ಎಂದರು. ಚಿಕ್ಕಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು.

ಡಾಕ್ಟರು ಹೇಳಿದ್ದು ಇಷ್ಟು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು. ಸೋಪು ಬೇಕಾದ ಕಡೆ ಮಾತ್ರ. ಉಜ್ಜಿ ಒರೆಸದೆ ಟವೆಲ್ ಒತ್ತಿ ತೆಗೆದು, ಮೈಯಲ್ಲಿ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು.

"ಎಣ್ಣೆ ಹಚ್ಚು ಅಂತ ಹೇಳಿಸ್ಕೊಳ್ಳೋಕೆ ಶಿವಮೊಗ್ಗಕ್ಕೆ ಬರಬೇಕಿತ್ತಾ?" ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದರು. ಸೋಪು ಕಡಿಮೆ ಮಾಡಲು ಅವರ ತಕರಾರು ಇರಲಿಲ್ಲ, ದುಡ್ಡು ಉಳಿಯುತ್ತದೆ. ಎಣ್ಣೆ ಸ್ನಾನಕ್ಕೆ ಮೊದಲು ಹಚ್ಚುವುದಾ ಆಮೇಲಾ ಎಂದು ಒಂದಷ್ಟು ವಾದ ನಡೆಯಿತು. ಆಮೇಲೆ ಹಚ್ಚಿದರೆ ಸೀರೆ ಜಿಡ್ಡಾಗುತ್ತದೆ ಎಂಬ ಆಕ್ಷೇಪಣೆಗೆ, ಹಳೇ ಸೀರೆ ಉಡಿ ಎಂದು ತೀರ್ಮಾನವಾಯಿತು. ಸಿಕ್ಕಿಬಿದ್ದದ್ದು ನೀರಿನಲ್ಲಿ.

"ಬೆನ್ನಿಗೆ ಮಾತ್ರ ಬಿಸಿ ಹಾಕ್ಕೊಳ್ಳಬಹುದಾ ಡಾಕ್ಟ್ರೇ? ಬೆನ್ನು ತುರಿಸಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಯ್ತಮ್ಮ, ಕೊನೆಯಲ್ಲಿ ಒಂದು ಚೊಂಬು. ಒಂದೇ."

ವಾಪಸ್ ಬರುವಾಗ ದಾರಿಯಲ್ಲಿ ಚಿಕ್ಕಮ್ಮ ಬಹಳ ಗೆಲುವಾಗಿದ್ದರು. ಮಾತು ತಪ್ಪುವವರಲ್ಲ. ಕಾಲಿನ ತುರಿಕೆಯೂ ಇಳಿದಿದೆ. ಮೊನ್ನೆ ಊರಿಗೆ ಹೋದಾಗ ಬಚ್ಚಲಿಗೆ ಹೋಗಿ ನೋಡಿದರೆ, ಅಟ್ಟದ ಮೇಲಿದ್ದ ಹಿತ್ತಾಳೆಯ ದೊಡ್ಡ ಚೊಂಬು ಕೆಳಗಿಳಿದಿತ್ತು. ಅಜ್ಜನ ಕಾಲದ್ದು. ಎರಡು ಕೈ ಹಿಡಿದೇ ಎತ್ತಬೇಕು.